ಹಳೆಯ ಸ್ಪೋರ್ಟ್ಸ್ ಕಾರಿನ ಸೀಟು: ನೆಲದಿಂದ ಮೇಲಕ್ಕೆ ದುರಸ್ತಿ ಮಾಡುವ ಕ್ರಮ

ಮಂಗಳೂರು, ಉಡುಪಿ ಕಡೆಯಲ್ಲಿ ಎಂಜಿಬಿ, ಎಂಜಿ ಮಿಡ್ಜೆಟ್, ಟ್ರಯಂಫ್ ಸ್ಪಿಟ್‌ಫೈರ್‌ನಂತಹ ಹಳೆಯ ಎರಡು ಸೀಟಿನ ಕಾರುಗಳನ್ನು ಇಟ್ಟುಕೊಂಡವರು ಸೀಟಿನ ಕೆಲಸದಲ್ಲಿ ಪದೇ ಪದೇ ಎಡವುವುದಕ್ಕೆ ಕಾರಣ ಒಂದೇ: ಕೆಲಸವನ್ನು ಮೇಲಿನಿಂದ ಆರಂಭಿಸುತ್ತಾರೆ. ಮೊದಲು ಕುಶನ್ ಅಂಗಡಿಗೆ ಹೋಗಿ ಹೊಸ ಹೊದಿಕೆ ಹೊಲಿಸುತ್ತಾರೆ, ಅದಕ್ಕೆ ತಕ್ಕಂತೆ ಫೋಮ್ ತುಂಬಿಸುತ್ತಾರೆ, ಸೀಟು ಚೆಂದ ಕಂಡ ಮೇಲೆ ಕಾರಿಗೆ ತಂದು ಬೋಲ್ಟ್ ಹಾಕಲು ಹೊರಡುತ್ತಾರೆ. ನೆಲದ ತಗಡು ತುಕ್ಕು ಹಿಡಿದಿರುವುದು, ಸೀಟು ಹಿಂದೆ ಮುಂದೆ ಸರಿಯುವ ಹಳಿ, ಅಂದರೆ ರನ್ನರ್ ಲಾಕ್ ಆಗದಿರುವುದು, ತಲೆ ಹುಡ್ಡಿನ (ಮಡಿಚುವ ಬಟ್ಟೆಯ ಮೇಲ್ಛಾವಣಿಯ) ಕಮಾನಿಗೆ ತಾಗುವುದು ಗೊತ್ತಾಗುವುದು ಆಗ. ಅದನ್ನು ಸರಿಪಡಿಸಲು ಸೀಟನ್ನು ಮತ್ತೆ ಮತ್ತೆ ಒಳಗೆ ಹೊರಗೆ ಮಾಡುವಷ್ಟರಲ್ಲಿ ಹೊಸ ಚರ್ಮದ ಮೇಲೆ ಗೀರು, ಗ್ರೀಸಿನ ಕಲೆ ಎರಡೂ ಬಿದ್ದಿರುತ್ತವೆ.

ಇಲ್ಲಿ ಹೇಳುವ ಕ್ರಮ ಅದಕ್ಕೆ ತದ್ವಿರುದ್ಧವಾದದ್ದು. ಮೊದಲು ನೆಲ, ಆಮೇಲೆ ಚೌಕಟ್ಟು, ರನ್ನರ್, ಬರಿಯ ಚೌಕಟ್ಟನ್ನು ಕಾರಿಗೆ ಕೂರಿಸಿ ನೋಡುವ ಪರೀಕ್ಷೆ, ಅದಾದ ಮೇಲೆ ಫೋಮಿನ ಅಡಿಯ ರಬ್ಬರ್ ಪಟ್ಟಿ, ಫೋಮ್, ಕೊನೆಗೆ ಹೊದಿಕೆ. 1962ರಿಂದ 1980ರವರೆಗೆ ತಯಾರಾದ ಎಂಜಿಬಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅದೇ ಕಾಲದ ಉಳಿದ ಬ್ರಿಟಿಷ್ ಕಾರುಗಳಿಗೂ ಸಣ್ಣಪುಟ್ಟ ವ್ಯತ್ಯಾಸದೊಂದಿಗೆ ಇದೇ ಕ್ರಮ ಹೊಂದುತ್ತದೆ.

## ಕಾಲ, ಹತ್ಯಾರು ಮತ್ತು ಸಾಮಾನು

ಈ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿ ಮುಗಿಸುವುದು ಒಳ್ಳೆಯದು. ಮಳೆಗಾಲದ ತೇವದಲ್ಲಿ ರಬ್ಬರ್ ಅಂಟಿನ ದ್ರಾವಕ ಆವಿಯಾಗುವಾಗ ಅಂಟಿನ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಿನಂಶ ಅದರ ಮೇಲೆ ಕೂರುತ್ತದೆ. ಅಂಟು ಬೆಳ್ಳಗೆ ಮಂಜು ಹಿಡಿದಂತೆ ಕಂಡರೆ ಅದು ಹಿಡಿಯುವುದಿಲ್ಲ ಎಂದೇ ಅರ್ಥ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಅಂಟಿಸಿದ ಫೋಮ್ ಮುಂದಿನ ಬೇಸಿಗೆಯಲ್ಲಿ ಪದರ ಪದರವಾಗಿ ಬಿಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಅದೇ ತೇವದಲ್ಲಿ ಉಜ್ಜಿ ಹೊಳಪಿಸಿದ ಕಬ್ಬಿಣ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಾಗುತ್ತದೆ.

ಹತ್ಯಾರುಗಳಲ್ಲಿ ಮುಖ್ಯವಾದದ್ದು ಎಎಫ್ ಅಳತೆಯ, ಅಂದರೆ ಇಂಚಿನ ಲೆಕ್ಕದ ಸ್ಪ್ಯಾನರ್ ಸೆಟ್ಟು. ಎಂಜಿಬಿಯ ರನ್ನರ್ ಬೋಲ್ಟ್ 5/16 ಇಂಚಿನ ಯುಎನ್‌ಎಫ್ ಥ್ರೆಡ್ಡಿನದು, ಅಂದರೆ ಒತ್ತೊತ್ತಾದ ಸುತ್ತುಗಳಿರುವ ಇಂಚಿನ ಥ್ರೆಡ್ಡು. ಅದರ ತಲೆಗೆ ಅರ್ಧ ಇಂಚಿನ ಸಾಕೆಟ್ ಬೇಕು. ಅರ್ಧ ಇಂಚು ಎಂದರೆ 12.7 ಮಿ.ಮೀ. ಆದ್ದರಿಂದ 13ರ ಸ್ಪ್ಯಾನರ್ ಹೇಗೋ ಕೂರುತ್ತದೆ, ಆದರೆ ತುಕ್ಕು ತಿಂದು ಸವೆದ ತಲೆಯ ಮೂಲೆಗಳನ್ನು ಅದು ಉರುಟು ಮಾಡಿಬಿಡುತ್ತದೆ. 12 ಮೂಲೆಯದಲ್ಲ, 6 ಮೂಲೆಯ ಸಾಕೆಟ್ಟನ್ನೇ ಬಳಸಬೇಕು. ಇದರೊಂದಿಗೆ ಟಾರ್ಕ್ ರೆಂಚ್, ತಂತಿ ಬ್ರಷ್, ನಟ್ಟಿನ ಥ್ರೆಡ್ಡು ಶುಚಿ ಮಾಡುವ 5/16 ಯುಎನ್‌ಎಫ್ ಟ್ಯಾಪ್, ದಬ್ಬಳ, ಬಾಗಿದ ಸೂಜಿ, ಹಾಗ್ ರಿಂಗ್ ಎಂಬ ತಂತಿಯ ಉಂಗುರಗಳು ಮತ್ತು ಅವುಗಳನ್ನು ಮಡಿಸುವ ಇಕ್ಕುಳ, ಕಣ್ಣಿಗೆ ಕನ್ನಡಕ ಇವಿಷ್ಟು ಇರಲಿ.

ಇಂಚಿನ ಥ್ರೆಡ್ಡಿನ ಬೋಲ್ಟ್ ಸುಲಭಕ್ಕೆ ಸಿಗುವುದಿಲ್ಲ. ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಬಹುದು, ಆದರೆ ಹಳೆಯ ಬೋಲ್ಟನ್ನೂ ಒಂದು ಸರಿಯಾದ ನಟ್ಟನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಬೋಲ್ಟಿನ ತಲೆಯ ಮೇಲೆ ಮೂರು ಗೆರೆಗಳಿದ್ದರೆ ಅದರ ಬಲದ ದರ್ಜೆ ಗ್ರೇಡ್ 5. ಸೀಟಿಗೆ ಅದಕ್ಕಿಂತ ಕೆಳಗಿನದು ಬೇಡ, ಗುರುತೇ ಇಲ್ಲದ ಬೋಲ್ಟಂತೂ ಬೇಡವೇ ಬೇಡ.

ಉಪ್ಪು ಗಾಳಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಮಲ್ಪೆಯ ದೋಣಿ ಸಾಮಾನಿನ ಅಂಗಡಿಯಿಂದ ಸ್ಟೇನ್‌ಲೆಸ್ ಬೋಲ್ಟ್ ತಂದು ಹಾಕುವ ರೂಢಿ ನಮ್ಮಲ್ಲಿದೆ. ಸೀಟಿಗೂ ಬೆಲ್ಟಿಗೂ ಅದನ್ನು ನಾನು ಒಪ್ಪುವುದಿಲ್ಲ. ಸ್ಟೇನ್‌ಲೆಸ್ ಬೋಲ್ಟ್ ತಾನು ಹೊಳೆಯುತ್ತಲೇ ಇರುತ್ತದೆ, ಆದರೆ ಅದನ್ನು ಹಿಡಿದಿರುವ ಸಾಮಾನ್ಯ ಉಕ್ಕಿನ ನಟ್ಟು ಉಪ್ಪಿನ ತೇವದಲ್ಲಿ ಇನ್ನೂ ಬೇಗ ತುಕ್ಕು ತಿನ್ನುತ್ತದೆ. ಸತು ಲೇಪನದ ಗ್ರೇಡ್ 5 ಬೋಲ್ಟಿಗೆ ತೆಳುವಾಗಿ ಗ್ರೀಸ್ ಸವರಿ ಹಾಕುವುದೇ ಸರಿಯಾದ ದಾರಿ.

## ಹಂತ 1: ಬಿಚ್ಚುವ ಮೊದಲು ಅಳೆಯಿರಿ

ಸೀಟಿನಲ್ಲಿ ನೀವೇ ಕುಳಿತು, ಇನ್ನೊಬ್ಬರಿಂದ ಮೂರು ಅಳತೆ ತೆಗೆಸಿ: ನೆಲದ ತಗಡಿನಿಂದ ಸೀಟಿನ ಮುಂದಿನ ಅಂಚಿನ ಎತ್ತರ, ಸ್ಟೀರಿಂಗ್ ಚಕ್ರದ ಕೆಳ ಅಂಚಿನಿಂದ ತೊಡೆಯವರೆಗಿನ ಅಂತರ, ತಲೆಯಿಂದ ಮುಚ್ಚಿದ ಹುಡ್ಡಿನ ಕಮಾನಿನವರೆಗಿನ ಅಂತರ. ಹಳೆಯ ಸೀಟು ಕುಸಿದಿದ್ದರೂ ಈ ಅಳತೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಹೊಸ ಫೋಮ್ ಎಷ್ಟು ಎತ್ತರಿಸಬಹುದು ಎಂಬ ಮಿತಿ ಅದರಿಂದಲೇ ತಿಳಿಯುತ್ತದೆ. ಸೀಟಿನ ಅಡಿಭಾಗ, ಲಿವರ್, ಸ್ಪ್ರಿಂಗ್, ಬದಿಯ ಕ್ಲಿಪ್ಪುಗಳ ಫೋಟೊ ತೆಗೆಯಿರಿ. ಎಡ ಸೀಟು, ಬಲ ಸೀಟು ಎಂದು ಗುರುತು ಹಾಕಿ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಜೋಡಿಸಿದಂತೆಯೇ ಇದ್ದರೆ ಅನುಮಾನ ಬಂದಾಗ ನೋಡಿಕೊಳ್ಳಲು ಮಾದರಿ ಸಿಗುತ್ತದೆ.

## ಹಂತ 2: ಬೋಲ್ಟ್ ಬಿಚ್ಚುವುದು

ಈ ಹಂತದಲ್ಲಿ ಅವಸರ ಮಾಡಿದರೆ ಅರ್ಧ ದಿನದ ಕೆಲಸ ವಾರಕ್ಕೆ ಎಳೆಯುತ್ತದೆ. ಎಂಜಿಬಿಯ ಸೀಟು ಒಂದೊಂದಕ್ಕೂ ನಾಲ್ಕು ಬೋಲ್ಟ್: ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದಾಗ ಮುಂದಿನ ಎರಡು, ಪೂರ್ತಿ ಮುಂದಕ್ಕೆ ಎಳೆದಾಗ ಹಿಂದಿನ ಎರಡು ಕಾಣಿಸುತ್ತವೆ. ಇವು ಬಿಗಿಯುವುದು ಕ್ಯಾಪ್ಟಿವ್ ನಟ್‌ಗಳಿಗೆ, ಅಂದರೆ ನೆಲದ ತಗಡಿನ ಅಡಿಯಲ್ಲಿ ಕಾಯಂ ಆಗಿ ಕೂರಿಸಿರುವ ನಟ್ಟುಗಳಿಗೆ.

ಬೋಲ್ಟಿನ ತುದಿ ನಟ್ಟನ್ನು ದಾಟಿ ಕಾರಿನ ಅಡಿಗೆ ಚಾಚಿಕೊಂಡಿರಬಹುದು. ಹಾಗಿದ್ದರೆ ಹತ್ತಾರು ಮಳೆಗಾಲದ ಕೆಸರು, ಉಪ್ಪು, ಅಂಡರ್‌ಕೋಟಿಂಗ್ ಎಲ್ಲ ಸೇರಿ ಆ ತುದಿಯ ಥ್ರೆಡ್ಡು ಗಟ್ಟಿ ಗಂಟಾಗಿರುತ್ತದೆ. ಮೇಲಿನಿಂದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಆ ಗಂಟು ನಟ್ಟಿನೊಳಗೆ ನುಗ್ಗಿ ಕಚ್ಚಿಕೊಳ್ಳುತ್ತದೆ, ಬಲ ಹಾಕಿದಾಗ ನಟ್ಟು ತಗಡಿನಿಂದ ಕಿತ್ತು ಬೋಲ್ಟಿನ ಜೊತೆಯಲ್ಲೇ ತಿರುಗತೊಡಗುತ್ತದೆ. ಆದ್ದರಿಂದ ಕೆಲಸ ಶುರುವಾಗುವುದು ಕಾರಿನ ಅಡಿಯಲ್ಲಿ. ಕಾರನ್ನು ಜ್ಯಾಕಿನ ಮೇಲೆ ಮಾತ್ರ ನಿಲ್ಲಿಸದೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಅಡಿಯಿಂದ ಚಾಚಿದ ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಮರುದಿನ ಇನ್ನೊಮ್ಮೆ ಸಿಂಪಡಿಸಿ, ಆಮೇಲೆ ಬೋಲ್ಟಿನ ತಲೆಯನ್ನು ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ನಂತರ ಬಿಚ್ಚುವ ದಿಕ್ಕಿಗೆ ಕಾಲು ಸುತ್ತು, ಮತ್ತೆ ಸ್ವಲ್ಪ ಹಿಂದಕ್ಕೆ, ಹೀಗೆ ಆಡಿಸುತ್ತಾ ತೆಗೆಯಿರಿ.

ತಿರುಗಿಸುವಾಗ ಕೈಗೆ ಬರುವ ಸೂಚನೆಗಳನ್ನು ಗಮನಿಸಬೇಕು. ಕಿರ್ರೆಂದು ಸದ್ದು ಮಾಡುತ್ತಾ ಬಿಗಿಯಾಗಿಯೇ ಬರುತ್ತಿದ್ದರೆ ಭಯವಿಲ್ಲ. ಮೆತ್ತಗೆ, ರಬ್ಬರ್ ತಿರುಚಿದ ಹಾಗೆ ಅನ್ನಿಸಿದರೆ ಬೋಲ್ಟು ತಿರುಚಿಕೊಳ್ಳುತ್ತಿದೆ, ಇನ್ನು ತುಂಡಾಗುತ್ತದೆ. ಅಲ್ಲಿಗೇ ನಿಲ್ಲಿಸಿ ಬಿಸಿ ಕೊಡುವ ಉಪಾಯ ನೋಡಿ. ಬಿಸಿ ಕೊಡುವ ಮುನ್ನ ನೆಲದ ಮ್ಯಾಟು, ಸೀಟಿನ ಫೋಮು, ಅಡಿಯಲ್ಲಿ ಹಾದುಹೋಗುವ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿವೆ ಎಂದು ನೋಡಿಕೊಳ್ಳದೆ ಬೆಂಕಿ ಹಚ್ಚಬಾರದು. ಬೋಲ್ಟು ನಿಲ್ಲದೆ ಸುಮ್ಮನೆ ತಿರುಗುತ್ತಿದ್ದರೆ ನಟ್ಟು ಕಿತ್ತಿದೆ. ತಲೆಯನ್ನು ಗ್ರೈಂಡರ್‌ನಿಂದ ಕತ್ತರಿಸಿ ಸೀಟನ್ನು ತೆಗೆದು, ನಟ್ಟಿನ ಗತಿಯನ್ನು ಮುಂದಿನ ಹಂತದಲ್ಲಿ ನೋಡಬೇಕು.

## ಹಂತ 3: ನೆಲದ ತಪಾಸಣೆ

ಮ್ಯಾಟು, ಅದರ ಅಡಿಯ ಫೆಲ್ಟು ಎಲ್ಲವನ್ನೂ ತೆಗೆಯಿರಿ. ಫೆಲ್ಟನ್ನು ಹಿಂಡಿದಾಗ ನೀರು ಬಂದರೆ ಆಶ್ಚರ್ಯ ಬೇಡ; ಬಾಗಿಲಿನ ರಬ್ಬರ್, ಗಾಜಿನ ಕೆಳಗಿನ ಸಂದಿ, ಹುಡ್ಡಿನ ಹೊಲಿಗೆ ಇವುಗಳಿಂದ ಬಂದ ನೀರು ತಗ್ಗಾದ ಸೀಟಿನ ಅಡಿಗೇ ಹರಿದು ನಿಲ್ಲುತ್ತದೆ. ರನ್ನರ್ ಕೂರುವ ಜಾಗದ ಸುತ್ತ ದಬ್ಬಳದಿಂದ ಒತ್ತಿ ನೋಡಿ. ಬಣ್ಣ ಉಬ್ಬಿದ ಕಡೆ, ಅಡ್ಡ ತೊಲೆ ನೆಲಕ್ಕೆ ಕೂಡುವ ಗೆರೆಯ ಉದ್ದಕ್ಕೆ, ಬಾಗಿಲ ಹೊಸ್ತಿಲಿನ ಮೂಲೆಯಲ್ಲಿ ಹೆಚ್ಚು ಗಮನವಿರಲಿ. ದಬ್ಬಳ ತಗಡಿನೊಳಗೆ ಇಳಿದರೆ ಅಲ್ಲಿ ತಗಡೇ ಇಲ್ಲ, ಬಣ್ಣ ಮತ್ತು ತುಕ್ಕು ಮಾತ್ರ ಇದೆ. ಅಯಸ್ಕಾಂತವನ್ನೂ ಓಡಿಸಿ ನೋಡಿ. ಅದು ಹಿಡಿಯದ ಜಾಗದಲ್ಲಿ ಹಿಂದೆ ಯಾರೋ ಫೈಬರ್ ಮೆತ್ತಿ ಬಣ್ಣ ಬಳಿದಿರುತ್ತಾರೆ. ಫೈಬರ್ ಮೆತ್ತಿದ ನೆಲಕ್ಕೆ ಸೀಟು ಬಿಗಿಯುವಂತಿಲ್ಲ.

ಕೊಳೆತ ಜಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ತಗಡನ್ನು ಬೆಸೆಯಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ಅರ್ತ್ ತಂತಿ ಬಿಚ್ಚಿ. ಎಂಜಿಬಿಯಲ್ಲಿ ಬ್ಯಾಟರಿ ಸೀಟಿನ ಹಿಂದಿನ ಹಲಗೆಯ ಅಡಿಯಲ್ಲೇ ಇರುತ್ತದೆ, ಹಳೆಯ ಮಾದರಿಗಳಲ್ಲಿ 6 ವೋಲ್ಟಿನ ಎರಡು. 1967ಕ್ಕಿಂತ ಮೊದಲಿನವುಗಳಲ್ಲಿ ಪಾಸಿಟಿವ್ ತುದಿ ಅರ್ತ್ ಆಗಿತ್ತೆಂಬುದನ್ನು ವೆಲ್ಡರ್‌ಗೆ ಮೊದಲೇ ತಿಳಿಸಬೇಕು. ನಟ್ಟು ಕಿತ್ತಿದ್ದಲ್ಲಿ 3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಗೆ ಹೊಸ ನಟ್ಟು ಬೆಸೆದು, ಆ ಪಟ್ಟಿಯನ್ನು ಅಡಿಯಿಂದ ಕೂರಿಸುವುದು ಉತ್ತಮ. ತೂತಿಗೆ ಬರಿಯ ವಾಷರ್ ಹಾಕಿ ಅಡಿಯಿಂದ ನಟ್ಟು ಬಿಗಿದರೆ, ಅಪಘಾತದ ಹೊತ್ತಿಗೆ ವಾಷರ್ ತೆಳು ತಗಡನ್ನು ಹರಿದುಕೊಂಡು ಸೀಟಿನೊಂದಿಗೆ ಎದ್ದು ಬರುತ್ತದೆ.

ಉಳಿದ ನಟ್ಟುಗಳಿಗೆ ಟ್ಯಾಪ್ ಓಡಿಸಿ ಥ್ರೆಡ್ಡು ಶುಚಿ ಮಾಡಿ. ಇಲ್ಲಿಯೇ ಒಂದು ದೊಡ್ಡ ತಪ್ಪು ನಡೆಯುತ್ತದೆ. 5/16 ಇಂಚು ಎಂದರೆ 7.94 ಮಿ.ಮೀ., ಎಂ8 ಬೋಲ್ಟು 8 ಮಿ.ಮೀ.; ಗಾತ್ರ ಒಂದೇ ಎನ್ನಿಸುವುದರಿಂದ ಗ್ಯಾರೇಜಿನವರು ಡಬ್ಬಿಯಲ್ಲಿ ಸಿಕ್ಕ ಎಂ8 ಬೋಲ್ಟನ್ನು ಹಾಕುತ್ತಾರೆ. ಆದರೆ ಯುಎನ್‌ಎಫ್‌ನಲ್ಲಿ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.06 ಮಿ.ಮೀ. ಅಂತರ, ಎಂ8ರಲ್ಲಿ 1.25. ಒಂದೆರಡು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಸ್ಪ್ಯಾನರ್ ಹಾಕಿದರೆ ಇನ್ನೂ ಒಂದೆರಡು ಸುತ್ತು ಇಳಿದು ಗಟ್ಟಿಯಾಗಿ ನಿಂತಂತೆಯೂ ಕಾಣುತ್ತದೆ. ಅಷ್ಟರಲ್ಲಿ ನಟ್ಟಿನ ಥ್ರೆಡ್ಡು ಕೊರೆದು ಹೋಗಿರುತ್ತದೆ. ಸರಿಯಾದ ಬೋಲ್ಟು ಕೊನೆಯವರೆಗೂ ಬೆರಳಲ್ಲೇ ಇಳಿಯಬೇಕು. ಇಳಿಯದಿದ್ದರೆ ಬೋಲ್ಟೋ ನಟ್ಟೋ ಒಂದು ತಪ್ಪಾಗಿದೆ.

ಆಧುನಿಕ ಬಕೆಟ್ ಸೀಟು ಕೂರಿಸಲು ಅಡ್ಡ ತೊಲೆಯನ್ನೇ ಕತ್ತರಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಸುರಕ್ಷತೆಯ ಮಾತು ಹಾಗಿರಲಿ, 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕಿದ್ದರೆ ಅದರ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಕತ್ತರಿಸಿದ ತೊಲೆಗೆ ಆಮೇಲೆ ಸಮಜಾಯಿಷಿ ಕೊಡುವುದು ಕಷ್ಟ.

## ಹಂತ 4: ಸೀಟನ್ನು ಬಿಡಿಸಿ ಚೌಕಟ್ಟು ಸರಿಪಡಿಸುವುದು

ಹಳೆಯ ಹೊದಿಕೆಯನ್ನು ಕತ್ತರಿಯಿಂದ ಸೀಳಬೇಡಿ. ಉಂಗುರ, ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಇಡಿಯಾಗಿ ತೆಗೆದರೆ ಅದೇ ಹೊಸ ಹೊದಿಕೆಗೆ ನಕಾಶೆ. ಒಳಗಿನ ಮಡಿಕೆಯಲ್ಲಿ ಸಿಕ್ಕಿಸಿರುವ ತಂತಿಗಳನ್ನು ಎಸೆಯದೆ ತೆಗೆದಿಡಿ. ಅವು ಇಲ್ಲದಿದ್ದರೆ ಹೊಸ ಹೊದಿಕೆಯ ತಗ್ಗುಗಳು ನಿಲ್ಲುವುದಿಲ್ಲ.

ಚೌಕಟ್ಟಿನಲ್ಲಿ ಬಿರುಕು ಹುಡುಕಬೇಕಾದದ್ದು ಬೆನ್ನು ಮತ್ತು ಕೂರುವ ಭಾಗ ಸೇರುವ ಕೀಲಿನ ಬಳಿ ಹಾಗೂ ರನ್ನರ್ ಬಿಗಿಯುವ ತೂತುಗಳ ಸುತ್ತ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಒರೆಸಿ, ಕೈಯಿಂದ ಚೌಕಟ್ಟನ್ನು ತಿರುಚಿದಾಗ ಬಿರುಕಿನಿಂದ ಎಣ್ಣೆ ಜಿನುಗಿದರೆ ಜಾಗ ಸಿಕ್ಕಿತೆಂದು ತಿಳಿಯಿರಿ. ತೆಳು ಕೊಳವೆಗೆ ಆರ್ಕ್ ವೆಲ್ಡಿಂಗ್ ಮಾಡಿಸಿದರೆ ತೂತು ಬೀಳುತ್ತದೆ. ಸಿಓ2 ವೆಲ್ಡಿಂಗ್ ಇರುವ ಕಡೆ ಹೋಗಬೇಕು. ತುಂಡಾದ ಕೊಳವೆಗೆ ಒಳಗಿನಿಂದ ಇನ್ನೊಂದು ಸಣ್ಣ ಕೊಳವೆ ಸೇರಿಸಿ ಬೆಸೆಯುವುದು ಸರಿ, ಬರಿಯ ಅಂಚಿಗೆ ಅಂಚು ಬೆಸೆದದ್ದು ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಫೋಮಿನ ಒಂದು ಚೂರೂ ಇಲ್ಲದಂತೆ ಶುಚಿ ಮಾಡಿದ ಮೇಲೆಯೇ ವೆಲ್ಡರ್‌ಗೆ ಕೊಡಿ. ಉರಿಯುವ ಪಿಯು (ಪಾಲಿಯುರೆಥೇನ್) ಫೋಮಿನ ಹೊಗೆ ವಿಷ.

ತುಕ್ಕಿನ ಮೇಲೆಯೇ ರೆಡ್ ಆಕ್ಸೈಡ್ ಬಳಿಯುವುದು ನಮ್ಮ ಊರಿನ ಹಳೆಯ ಚಾಳಿ. ಲೋಹ ಕಾಣುವಂತೆ ಉಜ್ಜಿ, ಕುಳಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ, ಅದೇ ದಿನ ಪ್ರೈಮರ್ ಬಳಿಯಬೇಕು. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿ. ಆ ಒಲೆಯ ಶಾಖ 180–200 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ರಬ್ಬರ್, ಪ್ಲಾಸ್ಟಿಕ್ ಎಲ್ಲ ತೆಗೆದಿರಬೇಕು ಮತ್ತು ಥ್ರೆಡ್ಡಿನ ತೂತುಗಳನ್ನು ಮುಚ್ಚಿಸಬೇಕು.

## ಹಂತ 5: ರನ್ನರ್, ರೀಪು ಮತ್ತು ಬರಿ ಚೌಕಟ್ಟಿನ ಪರೀಕ್ಷೆ

ರನ್ನರ್‌ಗಳನ್ನು ಡೀಸೆಲ್‌ನಲ್ಲಿ ನೆನೆಸಿ ಹಳೆಯ ಗ್ರೀಸನ್ನು ತೆಗೆಯಿರಿ. ಪಣಂಬೂರು, ಮಲ್ಪೆಯ ಕಡಲ ತೀರಕ್ಕೆ ಹೋಗಿ ಬಂದ ಕಾರಿನ ರನ್ನರ್‌ನಲ್ಲಿ ಮರಳು ಇದ್ದೇ ಇರುತ್ತದೆ. ಗ್ರೀಸಿನೊಂದಿಗೆ ಬೆರೆತ ಮರಳು ಹಲ್ಲುಗಳನ್ನು ಅರೆದು ತಿನ್ನುತ್ತದೆ. ಲಾಕಿನ ಹಲ್ಲು ಚೂಪು ಮೂಲೆಯದಾಗಿದ್ದರೆ ಸರಿ, ಉರುಟಾಗಿದ್ದರೆ ರನ್ನರ್ ಬದಲಿಸಬೇಕು. ಬಿಳಿ ಲಿಥಿಯಂ ಗ್ರೀಸನ್ನು ತೆಳುವಾಗಿ ಹಚ್ಚಿದರೆ ಸಾಕು, ಹೆಚ್ಚು ಹಚ್ಚಿದರೆ ಹೆಚ್ಚು ಮರಳು ಹಿಡಿಯುತ್ತದೆ.

ಎಂಜಿಬಿಯಲ್ಲಿ ರನ್ನರ್ ಮತ್ತು ನೆಲದ ನಡುವೆ ಮರದ ರೀಪು ಇರುತ್ತದೆ. ಕೊಳೆತಿದೆ ಎಂದು ಅದನ್ನು ಬಿಸಾಡಿ ನೇರವಾಗಿ ಬಿಗಿದ ಕಾರುಗಳು ಬಹಳ ಇವೆ. ಅಂಥ ಕಡೆ ರನ್ನರ್ ಮ್ಯಾಟಿಗೆ ಸಿಕ್ಕಿಕೊಳ್ಳುತ್ತದೆ, ಲಿವರ್ ನೆಲಕ್ಕೆ ತಾಗಿ ಪೂರ್ತಿ ಲಾಕ್ ಆಗುವುದಿಲ್ಲ. ಹಳೆಯ ರೀಪಿನ ದಪ್ಪವನ್ನು ಕೊಳೆಯದ ತುದಿಯಲ್ಲಿ ಅಳೆದು ಸಾಗುವಾನಿಯಲ್ಲಿ ಹೊಸದು ಮಾಡಿಸಿ. ಮರವನ್ನು ಕೊಯ್ದು, ತೂತು ಕೊರೆದ ಮೇಲೆ, ತೂತಿನ ಒಳಗೂ ಸೇರಿಸಿ ಎರಡು ಕೈ ವಾರ್ನಿಷ್ ಕೊಡಿ. ತೂತಿನೊಳಗೆ ರೀಪಿನಷ್ಟೇ ಉದ್ದದ ಉಕ್ಕಿನ ಕೊಳವೆ ತುಂಡು ಇಟ್ಟರೆ ಬೋಲ್ಟಿನ ಬಿಗಿ ಮರದ ಮೇಲೆ ಬೀಳದೆ ಉಕ್ಕಿನ ಮೇಲೆ ಬೀಳುತ್ತದೆ. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರದಿಂದ ಬೋಲ್ಟು ತಾನಾಗಿ ಸಡಿಲವಾಗುತ್ತದೆ. ಮ್ಯಾಟನ್ನು ರೀಪಿನ ಸುತ್ತ ಕತ್ತರಿಸಬೇಕೇ ಹೊರತು ರೀಪಿನ ಅಡಿಗೆ ಹಾಕಬಾರದು, ಕಾರಣ ಅದೇ.

ಈಗ ಬರಿಯ ಚೌಕಟ್ಟನ್ನು ಕಾರಿನಲ್ಲಿ ಕೂರಿಸಿ. ನಾಲ್ಕೂ ಬೋಲ್ಟುಗಳನ್ನು ಬೆರಳಲ್ಲಿ ಇಳಿಸಿ, ಯಾವುದನ್ನೂ ಬಿಗಿಯದೆ, ಎರಡು ರನ್ನರ್‌ಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ಅಳೆಯಿರಿ. ಎರಡಕ್ಕೂ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸೀಟು ಒಂದು ಕಡೆ ಸರಾಗವಾಗಿ ಸರಿದು ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಸೀಟನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಾ ಆಯಾ ತುದಿಯಲ್ಲಿ ಕಾಣುವ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ಲೈವುಡ್ ತುಂಡು ಇಟ್ಟು ಅದರ ಮೇಲೆ ಕುಳಿತು ಕ್ಲಚ್ ಪೂರ್ತಿ ಒತ್ತಿ ನೋಡಿ, ಪ್ರತಿ ಹಲ್ಲಿನಲ್ಲಿಯೂ ಲಾಕ್ ‘ಟಕ್’ ಎಂದು ಬೀಳುತ್ತದೆಯೇ ಕೇಳಿಸಿಕೊಳ್ಳಿ. ಲಿವರ್ ಅರ್ಧಕ್ಕೆ ನಿಂತರೆ ಸ್ಪ್ರಿಂಗ್ ಸೋತಿದೆ ಅಥವಾ ರನ್ನರ್ ಓರೆಯಾಗಿದೆ. ಈ ಪರೀಕ್ಷೆಯಲ್ಲಿ ಪಾಸಾಗದ ಚೌಕಟ್ಟಿಗೆ ಫೋಮ್ ಅಂಟಿಸುವುದು ಹಣ ಹಾಳು.

## ಹಂತ 6: ಅಡಿಯ ಪಟ್ಟಿ ಅಥವಾ ರಬ್ಬರ್ ಹಾಳೆ

ಕೂರುವ ಭಾಗದ ಭಾರ ಹೊರುವುದು ಚೌಕಟ್ಟಿಗೆ ಎಳೆದು ಕಟ್ಟಿದ ರಬ್ಬರ್ ಪಟ್ಟಿಗಳು. ಕೆಲವು ಮಾದರಿಗಳಲ್ಲಿ ಕೊಕ್ಕೆಗಳಿಂದ ಸಿಕ್ಕಿಸಿದ ಇಡೀ ರಬ್ಬರ್ ಹಾಳೆ ಇರುತ್ತದೆ. ಕೊಕ್ಕೆಯ ತೂತಿನ ಸುತ್ತ ಬಿರುಕು ಬಿಟ್ಟಿದ್ದರೆ ಅದರ ಆಯುಸ್ಸು ಮುಗಿದಿದೆ. ಸೈಕಲ್ ಟ್ಯೂಬ್ ಸೀಳಿ ಕಟ್ಟುವ ಉಪಾಯ ಕೆಲವು ತಿಂಗಳು ನಡೆಯುತ್ತದೆ, ಅಷ್ಟೇ. ಅದು ಎಳೆದಷ್ಟೂ ಹಿಗ್ಗಿ ಹಿಂದಕ್ಕೆ ಬರುವುದಿಲ್ಲ. ಸೋಫಾಕ್ಕೆ ಬಳಸುವ ಒಳ್ಳೆಯ ಇಲಾಸ್ಟಿಕ್ ಪಟ್ಟಿ ಸಿಗುತ್ತದೆ. ಅದನ್ನು ಸುಮಾರು 10 ಪ್ರತಿಶತ ಹಿಗ್ಗಿಸಿ ಕಟ್ಟಬೇಕು: 40 ಸೆಂ.ಮೀ. ಅಂತರಕ್ಕೆ ಕ್ಲಿಪ್ಪಿನ ಭಾಗ ಬಿಟ್ಟು 36 ಸೆಂ.ಮೀ. ಪಟ್ಟಿ. ಎದುರುಬದುರು ಜೋಡಿಗಳಾಗಿ, ಮಧ್ಯದಿಂದ ಹೊರಕ್ಕೆ ಕಟ್ಟುತ್ತಾ ಹೋಗಿ. ಕೊಕ್ಕೆ ಜಾರಿದರೆ ಮುಖಕ್ಕೇ ಬಡಿಯುತ್ತದೆ, ಕನ್ನಡಕ ತೆಗೆಯಬೇಡಿ.

ಪಟ್ಟಿಯ ಮೇಲೆ ಫೋಮ್ ಉಜ್ಜದಂತೆ ಒಂದು ಬಟ್ಟೆ ಹಾಕಬೇಕು. ಹಿಂದೆ ಗೋಣಿ ಬಟ್ಟೆ ಹಾಕುತ್ತಿದ್ದರು, ಆದರೆ ನಮ್ಮ ತೇವಕ್ಕೆ ಗೋಣಿ ನೀರು ಹೀರಿ ಬೂಷ್ಟು ಹಿಡಿಯುತ್ತದೆ. ನೀರು ಹೀರದ ಸಿಂಥೆಟಿಕ್ ಬಟ್ಟೆಯೇ ಕರಾವಳಿಗೆ ವಾಸಿ.

## ಹಂತ 7: ಫೋಮ್

ಸೀಟಿನ ಅಡಿಯ ಮ್ಯಾಟಿನ ಮೇಲೆ ಹಳದಿ ಪುಡಿ ಉದುರುತ್ತಿದ್ದರೆ ಫೋಮ್ ಸತ್ತಿದೆ. ಅದರ ಮೇಲೆಯೇ ಒಂದು ಪದರ ಹೊಸದನ್ನು ಅಂಟಿಸಿ ಉಬ್ಬಿಸಿದರೆ ಅಡಿಯದು ಪುಡಿಯಾಗುತ್ತಾ ಮೇಲಿನದು ಓಲಾಡುತ್ತದೆ.

ಕಾರಿನ ಅಚ್ಚಿಗೇ ಎರಕ ಹೊಯ್ದ ಫೋಮ್ ತರಿಸಲು ಸಾಧ್ಯವಿದ್ದರೆ ಅದೇ ಒಳ್ಳೆಯದು. ಇಲ್ಲಿಯೇ ಕತ್ತರಿಸಿ ಮಾಡುವುದಾದರೆ ಕೂರುವ ಭಾಗಕ್ಕೆ 40 ಡೆನ್ಸಿಟಿ (ಘನ ಮೀಟರಿಗೆ 40 ಕೆ.ಜಿ. ತೂಗುವ), ಬೆನ್ನಿಗೆ 32 ಡೆನ್ಸಿಟಿ ಫೋಮ್ ಹೊಂದುತ್ತದೆ. ಚೂರುಗಳನ್ನು ಒತ್ತಿ ಮಾಡಿದ ರೀಬಾಂಡೆಡ್ ಫೋಮ್ ಬಲು ಗಟ್ಟಿ; ಬದಿಯ ಏರುಗಳ ಅಡಿಗೆ ಮಾತ್ರ ಅದನ್ನು ಬಳಸಿ, ಇಡೀ ಸೀಟಿಗೆ ಹಾಕಿದರೆ ಬೆಂಚಿನ ಮೇಲೆ ಕೂತ ಹಾಗಿರುತ್ತದೆ. ಕುಶನ್ ಅಂಗಡಿಯವರು ಸೋಫಾದ ಲೆಕ್ಕದಲ್ಲಿ 4 ಇಂಚು ಕೊಡಲು ಬರುತ್ತಾರೆ. ಒಪ್ಪಬೇಡಿ. ಮೊದಲ ಹಂತದಲ್ಲಿ ಬರೆದಿಟ್ಟ ಅಳತೆ ತೆಗೆದು, ಕುಳಿತಾಗ ಫೋಮ್ ಎಷ್ಟು ಕುಗ್ಗುತ್ತದೆ ಎಂದು ನೋಡಿ, ದಪ್ಪವನ್ನು ನಿರ್ಧರಿಸಿ. ಈ ಕಾರುಗಳಲ್ಲಿ ಗಾಜಿನ ಮೇಲಂಚು ತಗ್ಗು. ಒಂದಿಂಚು ಎತ್ತರವಾದರೂ ಗಾಜಿನ ಚೌಕಟ್ಟು ಎತ್ತರದ ಚಾಲಕರ ಕಣ್ಣಿಗೆ ಅಡ್ಡ ಬರುತ್ತದೆ.

ಫೋಮನ್ನು ಹೊದಿಕೆಯ ಅಳತೆಗಿಂತ ಸುತ್ತಲೂ ಸುಮಾರು 10 ಮಿ.ಮೀ. ದೊಡ್ಡದಾಗಿ ಕತ್ತರಿಸಿ. ಹೊಸ ಹ್ಯಾಕ್ಸಾ ಬ್ಲೇಡಿನಿಂದ, ಒತ್ತದೆ ಎಳೆಯುತ್ತಾ ಕತ್ತರಿಸಿದರೆ ಅಂಚು ನೇರ ಬರುತ್ತದೆ. ಅಂಟಿಸಲು ಮರದ ಕೆಲಸದ ಬಿಳಿ ಫೆವಿಕಾಲ್ ಬೇಡ, ಅದು ಒಣಗಿ ಗಡುಸಾಗಿ ಕೂತಲ್ಲಿ ಗೀರುತ್ತದೆ. ರಬ್ಬರ್ ಆಧಾರದ ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಬಾರದು.

ನೀರು ತಾಗಬಾರದೆಂದು ಫೋಮನ್ನು ಪ್ಲಾಸ್ಟಿಕ್ಕಿನಲ್ಲಿ ಪೂರ್ತಿ ಸುತ್ತುವುದು ಬಹು ಕೆಟ್ಟ ಅಭ್ಯಾಸ. ಹೊಲಿಗೆಯ ತೂತಿನಿಂದ ನೀರು ಹೇಗೂ ಒಳಗೆ ಹೋಗುತ್ತದೆ, ಹೊರಗೆ ಬರಲು ಮಾತ್ರ ದಾರಿ ಇರುವುದಿಲ್ಲ.

## ಹಂತ 8: ಹೊದಿಕೆ

ಹೊಲಿಗೆಯನ್ನು ಕಾರು ಸೀಟು ಹೊಲಿದು ಪಳಗಿದವರಿಗೇ ಕೊಡಿ, ಆದರೆ ಮೂರು ವಿಷಯ ನೀವೇ ನಿಂತು ಹೇಳಬೇಕು. ನೂಲು ಹತ್ತಿಯದಲ್ಲ, ಪಾಲಿಯೆಸ್ಟರ್. ತೆರೆದ ಕಾರಿಗೆ ಬಿಸಿಲು ಬೀಳುವುದರಿಂದ ನೈಲಾನಿಗಿಂತಲೂ ಅದೇ ಬಾಳುತ್ತದೆ. ಹೊಲಿಗೆಯ ಅಂತರ ಸುಮಾರು 4 ಮಿ.ಮೀ. ಇರಲಿ, ಚರ್ಮಕ್ಕೆ ಒತ್ತೊತ್ತಾಗಿ ಹೊಲಿದರೆ ಅಂಚೆಚೀಟಿಯ ಹಾಗೆ ಆ ಗೆರೆಯಲ್ಲೇ ಹರಿಯುತ್ತದೆ. ರೆಕ್ಸಿನ್ ಆದರೆ ಹಿಂಬದಿಯಲ್ಲಿ ಹೆಣಿಗೆ ಬಟ್ಟೆ ಇರುವುದನ್ನು ಆರಿಸಿ. ನೇಯ್ದ ಬಟ್ಟೆಯ ರೆಕ್ಸಿನ್ ಹಿಗ್ಗುವುದಿಲ್ಲ, ಮೂಲೆಗಳಲ್ಲಿ ಸುಕ್ಕು ನಿಲ್ಲುತ್ತದೆ.

ಹಳೆಯ ಹೊದಿಕೆಯನ್ನು ನಕಾಶೆ ಮಾಡುವಾಗ ಇನ್ನೊಂದು ಎಚ್ಚರ. ವರ್ಷಗಟ್ಟಲೆ ಕೂತು ಹಿಗ್ಗಿದ ಮಧ್ಯದ ತುಂಡನ್ನು ಹಾಗೇ ಅಳೆದರೆ ಹೊಸದೂ ಸಡಿಲವೇ ಆಗುತ್ತದೆ. ಹೆಚ್ಚು ಸವೆಯದ ಪ್ರಯಾಣಿಕರ ಸೀಟಿನ ಹೊದಿಕೆಯಿಂದ ಅಳತೆ ತೆಗೆದು, ಅದನ್ನು ತಿರುಗಿಸಿ ಚಾಲಕನ ಸೀಟಿಗೆ ಬಳಸುವುದು ಒಳ್ಳೆಯದು.

ಹೊದಿಸುವಾಗ ರೆಕ್ಸಿನ್ನನ್ನು ಅರ್ಧ ಗಂಟೆ ಬಿಸಿಲಿನಲ್ಲಿ ಇಟ್ಟರೆ ಮೆತ್ತಗಾಗುತ್ತದೆ. ಚರ್ಮವನ್ನು ಹಾಗೆ ಇಡಬಾರದು. ಫೋಮಿನ ಮೇಲ್ಭಾಗಕ್ಕೆ ತೆಳು ಪಾಲಿಥಿನ್ ಹಾಸಿ ಅದರ ಮೇಲೆ ಹೊದಿಕೆ ಜಾರಿಸಿ, ಕೂತ ಮೇಲೆ ಪಾಲಿಥಿನ್ನನ್ನು ಎಳೆದು ತೆಗೆಯಿರಿ. ಮೊದಲು ತಗ್ಗುಗಳ ತಂತಿಯನ್ನು ಅಡಿಗೆ ಎಳೆದು ಕಟ್ಟಿ, ಆಮೇಲೆ ಮುಂದಿನ ಅಂಚಿನ ಮಧ್ಯ, ಹಿಂದಿನ ಅಂಚಿನ ಮಧ್ಯ, ಎರಡು ಬದಿಗಳ ಮಧ್ಯ, ಕೊನೆಗೆ ಮೂಲೆಗಳು. ಮೂಲೆಯಿಂದ ಶುರು ಮಾಡಿದವರ ಸೀಟಿನಲ್ಲಿ ನೆರಿಗೆಯ ಗೆರೆಗಳು ಓರೆಯಾಗಿರುತ್ತವೆ, ಅದನ್ನು ಸರಿಪಡಿಸಲು ಎಲ್ಲ ಬಿಚ್ಚಲೇಬೇಕು.

## ಹಂತ 9: ಕೊನೆಯ ಜೋಡಣೆ

ಹೊಸ್ತಿಲಿಗೆ ಹಳೆಯ ಕಂಬಳಿ ಹಾಸಿ ಸೀಟನ್ನು ಇಳಿಸಿ, ನಾಲ್ಕೂ ಬೋಲ್ಟು ಬೆರಳಲ್ಲಿ ಇಳಿದ ಮೇಲೆಯೇ ಸ್ಪ್ಯಾನರ್ ಮುಟ್ಟಿ. ಒಣ ಥ್ರೆಡ್ಡಿನ 5/16 ಯುಎನ್‌ಎಫ್ ಗ್ರೇಡ್ 5 ಬೋಲ್ಟಿಗೆ ಸುಮಾರು 23 ನ್ಯೂಟನ್ ಮೀಟರ್ ಸಾಮಾನ್ಯ ಮಿತಿ; ಗ್ರೀಸ್ ಹಚ್ಚಿದ್ದರೆ 18ರ ಆಸುಪಾಸಿನಲ್ಲಿ ನಿಲ್ಲಿಸಿ, ಏಕೆಂದರೆ ಅದೇ ಬಲಕ್ಕೆ ಗ್ರೀಸಿನ ಥ್ರೆಡ್ಡು ಹೆಚ್ಚು ಬಿಗಿಯುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಸೀಟು ಹೊರಗಿದ್ದಾಗಲೇ ಬೆಲ್ಟಿನ ನೆಲದ ಬೋಲ್ಟುಗಳನ್ನೂ ನೋಡಿ ಮುಗಿಸಿರಬೇಕು. ಇವು 7/16 ಯುಎನ್‌ಎಫ್, 5/8 ಇಂಚಿನ ಸಾಕೆಟ್ ಬೇಕು. ಬೆಲ್ಟನ್ನು ಸೀಟಿನ ಚೌಕಟ್ಟಿಗೆ ಕಟ್ಟುವ ಯೋಚನೆಯನ್ನೇ ಮಾಡಬೇಡಿ, ಆ ಕಾಲದ ಚೌಕಟ್ಟು ಅಂಥ ಎಳೆತಕ್ಕೆ ಮಾಡಿದ್ದಲ್ಲ.

ಮೊದಲ ಓಟ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಇರಲಿ; ಎರಡು ಮೂರು ಬಾರಿ ಬ್ರೇಕ್ ಒತ್ತಿ ಸೀಟು ಅಲುಗುತ್ತದೆಯೇ ನೋಡಿ. ಆಮೇಲೆ ಮಂಗಳೂರಿನ ಲೈಟ್‌ಹೌಸ್ ಹಿಲ್ ಅಥವಾ ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯಂತಹ ಏರಿನಲ್ಲಿ ನಿಂತು ಹೊರಟು ನೋಡಿ. ಸರಿಯಾಗಿ ಬೀಳದ ಲಾಕು ಏರಿನಲ್ಲಿ ಕ್ಲಚ್ ಬಿಡುವಾಗ ಜಾರಿ, ಸೀಟು ಹಿಂದಕ್ಕೆ ಓಡಿ, ಕಾಲು ಪೆಡಲಿಗೆ ಸಿಗದಂತಾಗುತ್ತದೆ. ಹಿಂದೆ ವಾಹನವಿಲ್ಲದಾಗಲೇ ಇದನ್ನು ಮಾಡಬೇಕು. ಆಗುಂಬೆ, ಚಾರ್ಮಾಡಿ ಘಾಟಿಯ ತಿರುವುಗಳನ್ನು ಹತ್ತುವುದು ಒಂದು 100 ಕಿ.ಮೀ. ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದ ನಂತರ.

## ಮಳೆಗಾಲದ ನಿಗಾ

ಜೂನ್ ಬರುವ ಮುನ್ನ ಮ್ಯಾಟು, ಫೆಲ್ಟು ಹೊರಗೆ ತೆಗೆದು ಒಣಗಿಸಿಡಿ. ಮಳೆಗಾಲ ಮುಗಿಯುವ ತನಕ ಬರಿಯ ನೆಲವೇ ಇರಲಿ. ಕಾರಿಗೆ ಬಿಗಿಯಾಗಿ ಪ್ಲಾಸ್ಟಿಕ್ ಹೊದಿಸದೆ ಗಾಳಿಯಾಡುವ ಬಟ್ಟೆ ಹೊದಿಸಿ, ವಾರಕ್ಕೊಮ್ಮೆ ಬಾಗಿಲು ತೆರೆದು ಫ್ಯಾನ್ ಹಾಕಿ. ರೆಕ್ಸಿನ್ ಮೇಲೆ ಬೂಷ್ಟು ಕಂಡರೆ ವಿನೆಗರ್ ಮತ್ತು ನೀರನ್ನು ಸಮ ಬೆರೆಸಿ ಒರೆಸಿ ಒಣಗಿಸಿ. ಚರ್ಮಕ್ಕೆ ಹೊಳಪು ಬರಲೆಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಎಣ್ಣೆ ಮುಗ್ಗಿ, ಹೊಲಿಗೆಗೆ ಇಳಿದು, ಬೂಷ್ಟಿಗೆ ಅದೇ ಆಹಾರವಾಗುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಕಾರಿನ ಅಡಿಗೆ ಹೋಗಿ ನಾಲ್ಕು ಬೋಲ್ಟುಗಳ ತುದಿಯನ್ನು ನೋಡಿ, ಉಜ್ಜಿ, ಗ್ರೀಸ್ ಸವರಿ. ಬ್ರೇಕ್ ಹಾಕಿದಾಗ ಸೀಟಿನಿಂದ ‘ಟಕ್’ ಎಂಬ ಹೊಸ ಸದ್ದು ಬಂದರೆ, ತಿರುವಿನಲ್ಲಿ ಸೀಟಿನ ಒಂದು ಮೂಲೆ ಎದ್ದಂತೆ ಅನ್ನಿಸಿದರೆ ಅಥವಾ ಬೋಲ್ಟಿನ ತಲೆಯ ಸುತ್ತ ಕೆಂಪು ಪುಡಿಯ ಉಂಗುರ ಮೂಡಿದ್ದರೆ, ಆ ದಿನ ಕಾರನ್ನು ಹೊರಗೆ ತೆಗೆಯಬೇಡಿ. ಸೀಟು ಬಿಚ್ಚಿ ಮೂರನೆಯ ಹಂತದಿಂದ ಮತ್ತೆ ನೋಡಿಕೊಂಡು ಬನ್ನಿ.